ಶುಕ್ರವಾರದವರೆಗೋ, ಶುಕ್ರವಾರದೊಳಗೋ?

ಹೊಸ ತಿಪ್ಪಸಂದ್ರದ ಯಾವ ದರ್ಜಿಯನ್ನು ಕೇಳಿದರೂ ‘ಶುಕ್ರವಾರದೊಳಗೆ ಹೊಲಿದು ಕೊಡ್ತೀನಿ’ ಎನ್ನುತ್ತಾರೆ; ‘ಶುಕ್ರವಾರದವರೆಗೆ ಕೊಡ್ತೀನಿ’ ಎನ್ನುವುದಿಲ್ಲ. ಹಿಂದಿಯಲ್ಲಾದರೆ ಎರಡಕ್ಕೂ ‘ತಕ್’ ಒಂದೇ ಸಾಕು. ಕನ್ನಡದಲ್ಲಿ ಇರುವ ಈ ವ್ಯತ್ಯಾಸವೇ ಇಂಗ್ಲಿಷಿನಲ್ಲೂ ಇದೆ: ‘ಒಳಗೆ’ ಎಂದರೆ ಬೈ, ‘ವರೆಗೆ’ ಎಂದರೆ ಅಂಟಿಲ್.

ಒಂದೇ ಸಲ ಮುಗಿಯುವ ಕೆಲಸಕ್ಕೆ ಬೈ: ‘ಐ ವಿಲ್ ಪೇ ದಿ ಫೀಸ್ ಬೈ ಫ್ರೈಡೇ.’ ಅಲ್ಲಿಯ ತನಕ ನಡೆಯುತ್ತಲೇ ಇರುವುದಕ್ಕೆ ಅಂಟಿಲ್: ‘ಐ ವಿಲ್ ಸ್ಟೇ ಇನ್ ಮೈಸೂರು ಅಂಟಿಲ್ ಫ್ರೈಡೇ.’

ನಾವು ಎಡವುವುದು ‘ಇನ್’ ಬಳಿ. ಜಾಗದ ವಿಷಯದಲ್ಲಿ ಇನ್ ಎಂದರೆ ಒಳಗೆ ಎಂದು ಕಲಿತಿರುತ್ತೇವೆ. ಕಾಲದ ವಿಷಯದಲ್ಲಿ ಅದು ಹಾಗಲ್ಲ. ‘ಐ ವಿಲ್ ಕಮ್ ಇನ್ ಟೂ ಡೇಸ್’ ಎಂದರೆ ಎರಡು ದಿನ ಬಿಟ್ಟು ಬರುತ್ತೇನೆ ಎಂದರ್ಥ. ಎರಡು ದಿನದೊಳಗೆ ಎನ್ನಲು ‘ವಿದಿನ್ ಟೂ ಡೇಸ್’ ಎನ್ನಬೇಕು. ಪಕ್ಕದ ಎಚ್.ಎ.ಎಲ್.ನಂಥ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಲಿರುವ ಹುಡುಗ, ಹತ್ತು ದಿನದೊಳಗೆ ಬರುವ ಮನಸ್ಸಿದ್ದೂ ‘ಐ ವಿಲ್ ಜಾಯಿನ್ ಇನ್ ಟೆನ್ ಡೇಸ್’ ಎಂದು ಬರೆದರೆ, ಓದಿದವರು ಹತ್ತು ದಿನ ಕಳೆದ ಮೇಲೆಯೇ ಅವನ ದಾರಿ ನೋಡುತ್ತಾರೆ. ಒಂದು ಪದದಿಂದ ಅವಕಾಶವೇ ಕೈತಪ್ಪಬಹುದು. ಇಂಥ ಪತ್ರಗಳಲ್ಲಿ ತಾರೀಖನ್ನೇ ಬರೆಯುವುದು ಕ್ಷೇಮ.

ಇನ್ನೊಂದು ತೊಡಕು ‘ಇಂದ’ ಪ್ರತ್ಯಯದ್ದು. ‘ಹೋದ ಸೋಮವಾರದಿಂದ’, ‘ಬರುವ ಸೋಮವಾರದಿಂದ’ ಎರಡಕ್ಕೂ ಕನ್ನಡದಲ್ಲಿ ‘ಇಂದ’ ನಡೆಯುತ್ತದೆ. ಇಂಗ್ಲಿಷಿನಲ್ಲಿ ಮುಂದಿನ ಯೋಜನೆಗೆ ಫ್ರಮ್ ಮಾತ್ರ: ‘ಐ ವಿಲ್ ಅಟೆಂಡ್ ಟ್ಯೂಷನ್ ಫ್ರಮ್ ಮಂಡೇ.’ ಇಲ್ಲಿ ಸಿನ್ಸ್ ಸಲ್ಲದು. ಅದು ಹಿಂದೆ ಶುರುವಾಗಿ ಇನ್ನೂ ನಡೆಯುತ್ತಿರುವುದಕ್ಕೆ.

ಉಳಿದದ್ದು ಸುಲಭ. ಗಡಿಯಾರದ ಹೊತ್ತಿಗೆ ಅಟ್, ವಾರ ಮತ್ತು ತಾರೀಖಿಗೆ ಆನ್, ತಿಂಗಳು ಮತ್ತು ವರ್ಷಕ್ಕೆ ಇನ್. ‘ಟುಮಾರೊ’, ‘ನೆಕ್ಸ್ಟ್ ಮಂಡೇ’ಗಳ ಹಿಂದೆ ಏನೂ ಬೇಡ. ನಾವೂ ‘ನಾಳೆ ಬರ್ತೀನಿ’ ಎನ್ನುತ್ತೇವಲ್ಲ, ಹಾಗೆ.

ತಂದೆತಾಯಿಯರೇ, ಮಕ್ಕಳಿಗೆ ಇದನ್ನು ಕಲಿಸಲು ನಿಮಗೆ ಇಂಗ್ಲಿಷ್ ಬರಬೇಕೆಂದಿಲ್ಲ. ‘ವರೆಗೋ, ಒಳಗೋ, ಬಿಟ್ಟೋ?’ ಎಂದು ಕನ್ನಡದಲ್ಲೇ ಕೇಳಿ. ಉತ್ತರ ಸರಿಯಿದ್ದರೆ ಅರ್ಧ ಪಾಠ ಮುಗಿದಂತೆ.

ಈ ವಾರದ ಅಭ್ಯಾಸ: ಇವುಗಳಿಗೆ ಸರಿಯಾದ ಪದ ಯಾವುದು?
1. ಹತ್ತು ಗಂಟೆಯೊಳಗೆ ಹಾಲ್ ಟಿಕೆಟ್ ತರುತ್ತೇನೆ.
2. ಹತ್ತು ಗಂಟೆಯವರೆಗೆ ಓದುತ್ತೇನೆ.
3. ಒಂದು ವಾರ ಬಿಟ್ಟು ಊರಿಗೆ ಹೋಗುತ್ತೇನೆ.
4. ಜೂನ್ 5ರಂದು ಕಾಲೇಜು ಸೇರುತ್ತೇನೆ.

ಉತ್ತರ: 1. ಬೈ 2. ಅಂಟಿಲ್ 3. ಇನ್ 4. ಆನ್.