ಕೊಡುವ ಕೈ, ಕೊಳ್ಳುವ ಮನಸ್ಸು

ಹಿರಿಯರಿಗೆ ನೆರವಾಗಬೇಕೆಂಬ ಉಪದೇಶವನ್ನು ಮಕ್ಕಳು ಬಾಲ್ಯದಿಂದಲೂ ಕೇಳುತ್ತ ಬರುತ್ತಾರೆ. ಹಿರಿಯರು ಕೊಟ್ಟುದನ್ನು ಆದರದಿಂದ ಸ್ವೀಕರಿಸಬೇಕೆಂದು ಹೇಳುವವರು ಮಾತ್ರ ವಿರಳ. ಎರಡನೆಯದೂ ಮೊದಲನೆಯದರಷ್ಟೇ ಮುಖ್ಯವಾದ ಪಾಠವೆಂಬುದನ್ನು ಮರೆಯಲಾಗದು.

ಬೆಂಗಳೂರಿನ ಪಶ್ಚಿಮಕ್ಕಿರುವ ನಾಗರಬಾವಿ ಒಂದು ಕಾಲಕ್ಕೆ ಹಳ್ಳಿ. 1972ರಲ್ಲಿ ಡಾ. ವಿ.ಕೆ.ಆರ್.ವಿ. ರಾವ್ ಅವರು ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅನಂತರ ಬಂದ ರಾಷ್ಟ್ರೀಯ ಕಾನೂನು ಶಾಲೆ, ನೆರೆಯ ಜ್ಞಾನಭಾರತಿ ಇವುಗಳಿಂದ ಅದು ವಿದ್ಯೆಯ ನೆಲೆಯಾಯಿತು. ಬಡಾವಣೆಗಳು ಬೆಳೆದು, ನಾನಾ ಊರುಗಳ ಜನ ಬಂದು ನೆಲೆಸಿದರು. ಇಂತಹ ಕಡೆ ಮುದುಕರೂ ಎಳೆಯರೂ ಸಂಧಿಸುವುದು ಮನೆಯ ಜಗಲಿಯಲ್ಲಿ ಅಲ್ಲ, ಬಸ್ ನಿಲ್ದಾಣದಲ್ಲಿ.

ಅಲ್ಲಿ ಒಂದು ಸಂಜೆ ನಡೆದ ಪ್ರಸಂಗ ತೀರ ಸಣ್ಣದು. ವೃದ್ಧೆಯೊಬ್ಬರು ಬಸ್ಸಿನ ಫಲಕ ಓದಲಾರದೆ ಚಡಪಡಿಸುತ್ತಿದ್ದರು. ಕಾಲೇಜಿನ ಹುಡುಗಿಯೊಬ್ಬಳು, “ಎಲ್ಲಿಗೆ ಹೋಗ್ಬೇಕಜ್ಜಿ?” ಎಂದು ವಿಚಾರಿಸಿ, ತನ್ನ ಬಸ್ಸು ಬಂದರೂ ಹತ್ತದೆ ಜೊತೆಗೆ ನಿಂತಳು. ವಿಜಯನಗರದ ಬಸ್ಸು ಕಾಣುತ್ತಲೇ ವೃದ್ಧೆ ಕೈಚೀಲದಿಂದ ಎರಡು ಬಾಳೆಹಣ್ಣು ತೆಗೆದು ನೀಡಿದರು. “ಬೇಡ ಅಜ್ಜಿ, ನಿಮಗೇ ಇರ್ಲಿ” ಎಂದಾಗ ಆ ಮುಖ ಬಾಡಿತು. ಹುಡುಗಿ ಅದನ್ನು ಕಂಡಳು. ಒಂದು ಹಣ್ಣನ್ನು ಕೈಗೆತ್ತಿಕೊಂಡಳು. “ಚೆನ್ನಾಗಿರವ್ವ” ಎಂದು ಅವಳ ಕೆನ್ನೆ ಸವರಿ ವೃದ್ಧೆ ಬಸ್ಸೇರಿದರು. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಲಿಲ್ಲ.

ಹಿರಿಯ ಜೀವವನ್ನು ಬಾಡಿಸುವುದು ಬಡತನವೊಂದೇ ಅಲ್ಲ. ತನ್ನಿಂದ ಯಾರಿಗೂ ಏನೂ ಬೇಡವಾಯಿತೆಂಬ ಭಾವನೆಯೂ ಹೌದು. ಮಾತಾಪಿತೃಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಶಾಸನ ಬಂದಿದೆ. ಬಸ್ಸಿನಲ್ಲಿ ಅವರಿಗೆ ಆಸನ ಮೀಸಲಿದೆ. ಇವೆಲ್ಲ ಅವಶ್ಯವೇ. ಆದರೆ ಇವು ಹಿರಿಯರನ್ನು ಪಡೆಯುವವರನ್ನಾಗಿ ಕಾಣುತ್ತವೆಯೇ ಹೊರತು ಕೊಡುವವರನ್ನಾಗಿ ಅಲ್ಲ.

ಶರಣರು ದಾನವೆನ್ನದೆ ದಾಸೋಹವೆಂದುದರ ಮರ್ಮ ಇಲ್ಲಿದೆ. ದಾನದಲ್ಲಿ ಕೊಡುವವನು ಮೇಲು, ಕೊಳ್ಳುವವನು ಕೀಳು. ದಾಸೋಹದಲ್ಲಿ ಆ ಭೇದವಿಲ್ಲ. ಸಿದ್ಧಗಂಗೆಯ ದಾಸೋಹಕ್ಕೆ ಧಾನ್ಯ ತರುವ ಮುದಿ ರೈತನಿಗೆ ಅದನ್ನುಣ್ಣುವ ಬಾಲಕನ ಪರಿಚಯವಿಲ್ಲ. ಆದರೂ ಬಾಲಕ ಉಂಡಾಗಲೇ ರೈತನ ಕಾಯಕ ಸಾರ್ಥಕ.

ಅಪರಿಚಿತರು ಕೊಟ್ಟುದನ್ನು ತಿನ್ನಬಾರದೆಂದು ಎಳೆಯರಿಗೆ ಹೇಳುವುದು ಇಂದು ಅನಿವಾರ್ಯ. ಆ ಎಚ್ಚರಿಕೆ ಇರಲೇಬೇಕು. ಆದುದರಿಂದಲೇ ಹಿರಿಯರಿಂದ ಪಡೆಯುವ ಸುರಕ್ಷಿತ ಅವಕಾಶವನ್ನು ಶಾಲೆಯೇ ಕಲ್ಪಿಸಬೇಕಾಗಿದೆ. ಊರಿನ ವೃದ್ಧರನ್ನು ಕರೆದು ಶಾಲು ಹೊದಿಸಿ ಕಳುಹಿಸಿದರೆ ಸಾಲದು. ಗುರುಗಳ ಸಮ್ಮುಖದಲ್ಲಿ ಅವರು ಒಂದು ಕಥೆ ಹೇಳಲಿ, ಸಸಿ ನೆಡುವುದನ್ನು ಕಲಿಸಲಿ, ಹೂಮಾಲೆ ಕಟ್ಟುವ ಬಗೆಯನ್ನು ತೋರಿಸಲಿ. ಮಕ್ಕಳು ಮನಸಾರೆ ಕಲಿಯಲಿ. ಹಿರಿಯರಿಗೆ ಸಲ್ಲಬೇಕಾದ ನಿಜವಾದ ಗೌರವ ಇದೇ.