ಅಥಣಿಯ ಮನೆಗಳಲ್ಲಿ ಸೊಲ್ಯೂಷನ್ ಡಬ್ಬಿ

ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಪಾಲಿದೆ. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಮಾದರಿಯ ಚಪ್ಪಲಿಯನ್ನು ಮೂಲ ಹೇಳದೆ ಪ್ರದರ್ಶಿಸಿ ಟೀಕೆಗೆ ಗುರಿಯಾಯಿತು. ವರ್ಷದ ಕೊನೆಗೆ ನಮ್ಮ ರಾಜ್ಯದ ಚರ್ಮೋದ್ಯಮ ನಿಗಮವಾದ ಲಿಡ್ಕರ್ ಜೊತೆ ಒಪ್ಪಂದ ಮಾಡಿಕೊಂಡಿತು. ಅಥಣಿ, ನಿಪ್ಪಾಣಿಯ ಕುಶಲಕರ್ಮಿಗಳಿಗೆ ಕೈತುಂಬ ಕೆಲಸ ಸಿಗಲಿ. ಆದರೆ ಕೆಲಸ ಅವಸರದ್ದಾದಾಗ ಮೊದಲು ಕಡಿಮೆಯಾಗುವುದು ಚರ್ಮದ ದಾರದ ಹೊಲಿಗೆ, ಹೆಚ್ಚಾಗುವುದು ಅಟ್ಟೆಗೆ ಬಳಿಯುವ ಸೊಲ್ಯೂಷನ್ ಎಂಬ ಅಂಟು. ನಮ್ಮ ಆತಂಕ ಇರುವುದು ಅಲ್ಲಿ.

ಇಂಥ ಅಂಟುಗಳಲ್ಲಿ ಹೆಕ್ಸೇನ್, ಟೊಲ್ಯೂಯಿನ್‌ನಂಥ ದ್ರಾವಕಗಳಿರುತ್ತವೆ. ಹೆಕ್ಸೇನ್ ದೇಹದೊಳಗೆ ರೂಪ ಬದಲಿಸಿ ನರಗಳನ್ನು ಕೆಡಿಸುತ್ತದೆ, ಉದ್ದನೆಯ ನರಗಳನ್ನೇ ಮೊದಲು. ಹಾಗಾಗಿ ಕಾಲ್ಬೆರಳು ಜೋಮು ಹಿಡಿಯುತ್ತದೆ, ಆಮೇಲೆ ಕೈಬೆರಳು. ರಂಪಿಗೆ ಹಿಡಿದ ಹಿಡಿತ ಸಡಿಲವಾಗುತ್ತದೆ. ಕೆಲಸ ಬಿಟ್ಟ ಮೇಲೂ ಕೆಲವು ತಿಂಗಳು ನಿಶ್ಶಕ್ತಿ ಏರುತ್ತಲೇ ಹೋಗಬಹುದು. 1960ರ ದಶಕದಲ್ಲಿ ಜಪಾನಿನಲ್ಲಿ ಮನೆಯಲ್ಲೇ ಚಪ್ಪಲಿ ಅಂಟಿಸುತ್ತಿದ್ದ ಅನೇಕರು ಹೀಗೆಯೇ ಕಾಯಿಲೆ ಬಿದ್ದರು. ಅಂಟಿನಲ್ಲಿ ಬೆಂಜೀನ್ ಇದ್ದ ಕಾಲದಲ್ಲಿ ಇಸ್ತಾಂಬುಲ್‌ನ ಚಮ್ಮಾರರಿಗೆ ರಕ್ತದ ಕ್ಯಾನ್ಸರ್ ಬಂದದ್ದೂ ದಾಖಲಾಗಿದೆ.

ನಮ್ಮಲ್ಲಿ ಈ ಕೆಲಸ ನೆಲದ ಮೇಲೆ ಕೂತು ಮಾಡುವಂಥದ್ದು. ದ್ರಾವಕದ ಆವಿ ಗಾಳಿಗಿಂತ ಭಾರ. ಕೂತವರ ಮೂಗಿನ ಮಟ್ಟದಲ್ಲೇ, ಪಕ್ಕದಲ್ಲಿ ಮಲಗಿದ ಕೂಸಿನ ಸುತ್ತಲೇ ನಿಲ್ಲುತ್ತದೆ. ಒಳಗಿನವರಿಗೆ ಸ್ವಲ್ಪ ಹೊತ್ತಿಗೆ ವಾಸನೆಯೂ ತಿಳಿಯುವುದಿಲ್ಲ. ಬಾಯಿಗೆ ಕಟ್ಟಿದ ಬಟ್ಟೆ ಆವಿಯನ್ನು ತಡೆಯದು. ಅದೇ ಕೋಣೆಯಲ್ಲಿ ಒಲೆ ಉರಿದರೆ ಬೆಂಕಿಯ ಭಯ ಬೇರೆ. ಮನೆಗೆಲಸವಾದ್ದರಿಂದ ಕಾರ್ಖಾನೆ ಇನ್ಸ್‌ಪೆಕ್ಟರರೂ ಈ ಬಾಗಿಲಿಗೆ ಬರುವುದಿಲ್ಲ.

ಇವತ್ತೇ ಮಾಡಬಹುದಾದದ್ದು ಇದೆ. ಅಂಟು ಬಳಿಯುವುದನ್ನು ಅಂಗಳಕ್ಕೆ, ಕಟ್ಟೆಗೆ ತನ್ನಿ. ಬಳಿದ ಅಟ್ಟೆ ಅಲ್ಲೇ ಒಣಗಲಿ. ಡಬ್ಬಿಯ ಮುಚ್ಚಳ ಹಾಕಿಡಿ, ಬೆರಳ ಬದಲು ಬ್ರಷ್ ಬಳಸಿ, ಕೈಯನ್ನು ಥಿನ್ನರಿನಲ್ಲಿ ತೊಳೆಯಬೇಡಿ. ಕಾಲು ಜೋಮು ಹಿಡಿದರೆ ವೈದ್ಯರಿಗೆ ಕಸುಬನ್ನು ತಪ್ಪದೆ ಹೇಳಿ. ಹೇಳದಿದ್ದರೆ ಸಕ್ಕರೆ ಕಾಯಿಲೆಯ ಲೆಕ್ಕಕ್ಕೆ ಸೇರಿಹೋಗುತ್ತದೆ.

ದೊಡ್ಡ ಹೊಣೆ ಮಾತ್ರ ಕೊಳ್ಳುವವರದು, ಲಿಡ್ಕರ್‌ನದು. ನೀರು ಆಧಾರಿತ ಅಂಟನ್ನು ಒಪ್ಪಂದದಲ್ಲೇ ಬರೆಯಬೇಕು, ಅದರ ಖರ್ಚನ್ನು ಕೊಳ್ಳುವವರು ಹೊರಬೇಕು. ಡಬ್ಬಿಯಲ್ಲಿ ಏನಿದೆಯೆಂದು ಕನ್ನಡದಲ್ಲಿ ಅಚ್ಚಾಗಬೇಕು. ಹೊಲಿಗೆಗೆ ತಗಲುವ ಹೊತ್ತಿಗೆ ತಕ್ಕ ಕೂಲಿ ನಿಗದಿಯಾದರೆ ಅಂಟಿನ ಮೊರೆ ಹೋಗುವ ಒತ್ತಡವೇ ಇಳಿಯುತ್ತದೆ. ಈ ಮಾತುಕತೆ ಮುಂದಿನ ಆರ್ಡರಿಗೆ ಸಹಿ ಬೀಳುವ ಮುಂಚೆ ಆಗಬೇಕು.