ಕಾರಿನ ಮೈಗೆ ಯಾವ ಮೆರುಗು?

ಕಾರಿನ ಬಣ್ಣಕ್ಕೆ ಹಚ್ಚುವ ಮೆರುಗುಗಳು ಇಂದು ಅಂಗಡಿಗಳಲ್ಲಿ ಹತ್ತಾರು ಬಗೆಯವು ದೊರೆಯುತ್ತವೆ. ಕೆಲವು ನೂರು ರೂಪಾಯಿಗೆ ಸಿಕ್ಕುವ ಮೇಣದ ಡಬ್ಬಿಯೂ ಉಂಟು, ಹತ್ತಾರು ಸಾವಿರ ತೆತ್ತು ಹಾಕಿಸಿಕೊಳ್ಳುವ ಸೆರಾಮಿಕ್ ಲೇಪವೂ ಉಂಟು. ಒಂದೊಂದರ ಮೇಲೂ ಬಾಳಿಕೆಯ ಭರವಸೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಸಾಲ ಮಾಡಿ ಬಾಡಿಗೆ ಕಾರನ್ನು ಕೊಂಡ ಚಾಲಕನೂ, ವರ್ಷಗಟ್ಟಲೆ ಉಳಿಸಿದ ಹಣದಿಂದ ಹಳೆಯ ಕಾರೊಂದನ್ನು ತಂದ ಗುಮಾಸ್ತನೂ ಈ ಅಕ್ಷರಗಳನ್ನು ನಂಬಿಯೇ ಹಣ ಕೊಡುತ್ತಾರೆ. ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಮೊದಲ ಪಾಠಗಳನ್ನು ಓದಿದ ವಿದ್ಯಾರ್ಥಿಯು ಇಂತಹ ಭರವಸೆಗಳನ್ನು ತಾನೇ ತೂಗಿ ನೋಡಬಲ್ಲನೆಂದು ನಾನು ನಂಬಿದ್ದೇನೆ. ತೂಗಿ ನೋಡದಿದ್ದರೆ ಹೋಗುವುದು ಹಣವೊಂದೇ ಅಲ್ಲ, ಬಣ್ಣವೂ ಹೋಗುತ್ತದೆ.

ನಾವು ಕಾಪಾಡಬೇಕಾದ ವಸ್ತು ಯಾವುದೆಂಬುದನ್ನು ಮೊದಲು ತಿಳಿಯೋಣ. ಕಾರ್ಖಾನೆಯಲ್ಲಿ ಉಕ್ಕಿನ ತಗಡನ್ನು ಫಾಸ್ಫೇಟ್ ದ್ರಾವಣದಿಂದ ಸಂಸ್ಕರಿಸಿ, ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತನ್ನು ಹರಿಸಿ ಮೊದಲ ಲೇಪವನ್ನು ಕೂರಿಸುತ್ತಾರೆ. ತುಕ್ಕನ್ನು ತಡೆಯುವ ಮುಖ್ಯ ಕೆಲಸ ಇದರದು. ಅದರ ಮೇಲೆ ಸಾಮಾನ್ಯವಾಗಿ ಮೈಯನ್ನು ಸಮಗೊಳಿಸುವ ಒಂದು ಪದರ, ಆಮೇಲೆ ಬಣ್ಣದ ಪದರ, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಪದರ. ಇವೆಲ್ಲ ಸೇರಿದರೂ ದಪ್ಪವು ಸುಮಾರು ೧೦೦ರಿಂದ ೧೩೦ ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಬರೆಯುವ ಕಾಗದದ ಒಂದು ಹಾಳೆಯ ದಪ್ಪವೇ ಸುಮಾರು ೧೦೦ ಮೈಕ್ರಾನ್ ಇರುತ್ತದೆ. ಆ ಹಾಳೆಯಷ್ಟು ತೆಳುವಾದ ಲೇಪದಲ್ಲಿ ಮೇಲಿನ ೪೦ ಮೈಕ್ರಾನಿನಷ್ಟು ಮಾತ್ರ ಪಾರದರ್ಶಕ ಪದರ. ಸೂರ್ಯನ ಅತಿನೇರಿಳೆ ಕಿರಣಗಳನ್ನು ಹೀರಿ ಕೆಳಗಿನ ಬಣ್ಣವನ್ನು ಉಳಿಸುವ ರಾಸಾಯನಿಕಗಳು ಇರುವುದು ಇದರಲ್ಲಿ. ನಮ್ಮ ಚರ್ಮವು ಸವೆದರೆ ಮತ್ತೆ ಬೆಳೆದೀತು. ಈ ಪದರವು ಬೆಳೆಯುವುದಿಲ್ಲ. ಹಳೆಯ ಕಾರುಗಳ ಮಾಡಿನ ಮೇಲೆ ಬಿಳಿಯ ಸಿಪ್ಪೆಯಂತೆ ಎದ್ದು ಬರುವುದು ಇದೇ. ಹಾಗೆ ಎದ್ದ ಮೇಲೆ ಯಾವ ಮೆರುಗಿನಿಂದಲೂ ಪ್ರಯೋಜನವಿಲ್ಲ, ಹೊಸದಾಗಿ ಬಣ್ಣ ಹೊಡೆಸಬೇಕು.

ಆಗಾಗ ಉಜ್ಜಿ ಮೆರುಗು ಕೊಡಬೇಕೆಂಬ ಪದ್ಧತಿ ಹುಟ್ಟಿದುದು ಬೇರೊಂದು ಕಾಲದಲ್ಲಿ. ೧೯೨೩ರ ಸುಮಾರಿಗೆ ಅಮೆರಿಕದ ಡುಪಾಂಟ್ ಮತ್ತು ಜನರಲ್ ಮೋಟಾರ್ಸ್ ಸಂಸ್ಥೆಗಳು ಡ್ಯೂಕೊ ಎಂಬ ನೈಟ್ರೊಸೆಲ್ಯುಲೋಸ್ ಬಣ್ಣವನ್ನು ಬಳಕೆಗೆ ತಂದವು. ೧೯೨೪ರ ಓಕ್‌ಲೆಂಡ್ ಕಾರುಗಳು ಅದನ್ನು ಧರಿಸಿಯೇ ಹೊರಬಂದವು. ವಾರಗಟ್ಟಲೆ ಒಣಗಬೇಕಾಗಿದ್ದ ಹಿಂದಿನ ವಾರ್ನಿಷಿನ ಮುಂದೆ ಅದು ದೊಡ್ಡ ಮುನ್ನಡೆಯೇ ಸರಿ. ಆದರೆ ಅಂತಹ ಬಣ್ಣಗಳು ಬಿಸಿಲಿಗೆ ಮಾಸಿ, ಮೇಲ್ಮೈಯಲ್ಲಿ ಸುಣ್ಣದಂತಹ ಪುಡಿ ಏಳುತ್ತಿತ್ತು. ಅದನ್ನು ಉಜ್ಜಿ ತೆಗೆದರೆ ಕೆಳಗೆ ಹೊಸ ಬಣ್ಣವೇ ಕಾಣುತ್ತಿದ್ದುದರಿಂದ ಉಜ್ಜುವುದು ನ್ಯಾಯವಾಗಿತ್ತು. ೧೯೮೦ರ ದಶಕದಿಂದೀಚೆಗೆ ಪಾರದರ್ಶಕ ಪದರವು ಸಾರ್ವತ್ರಿಕವಾಯಿತು. ಬಣ್ಣ ಬದಲಾಯಿತು, ಉಜ್ಜುವ ಅಭ್ಯಾಸ ಮಾತ್ರ ಹಾಗೆಯೇ ಉಳಿಯಿತು.

ಮೆರುಗು ಎಂಬ ಒಂದೇ ಮಾತಿನಿಂದ ನಾವು ಎರಡು ವಿರುದ್ಧ ಕಾರ್ಯಗಳನ್ನು ಕರೆಯುತ್ತೇವೆ. ಪಾಲಿಷ್ ಎಂಬುದು ಮೇಲ್ಮೈಯಿಂದ ಏನನ್ನೋ ತೆಗೆಯುತ್ತದೆ. ಮೇಣ ಅಥವಾ ರಕ್ಷಾಲೇಪವು ಅದರ ಮೇಲೆ ಏನನ್ನೋ ಇಡುತ್ತದೆ. ಪಾಲಿಷಿನಲ್ಲಿ ಅಲ್ಯೂಮಿನಿಯಮ್ ಆಕ್ಸೈಡಿನಂತಹ ಗಡುಸಾದ ನುಣ್ಣನೆಯ ಪುಡಿ ಇರುತ್ತದೆ. ಉಜ್ಜಿದಾಗ ನಡೆಯುವುದೇನು ಎಂಬ ಪ್ರಶ್ನೆ ಸಾಮಾನ್ಯವಾದುದಲ್ಲ. ದೊಡ್ಡ ಗೀರನ್ನು ಅಳಿಸಿ ಸಣ್ಣ ಗೀರನ್ನು, ಸಣ್ಣದನ್ನು ಅಳಿಸಿ ಇನ್ನೂ ಸಣ್ಣದನ್ನು ಮೂಡಿಸುತ್ತ ಹೋಗುವುದೇ ಹೊಳಪೆಂದು ನ್ಯೂಟನ್ ಎಣಿಸಿದ್ದನು. ಲಾರ್ಡ್ ರ್ಯಾಲೆ ೧೯೦೧ರಲ್ಲಿ ಇದೇ ವಿಷಯದ ಮೇಲೆ ಉಪನ್ಯಾಸ ಮಾಡಿ, ಕೊನೆಯ ಹಂತದ ಉಜ್ಜುವಿಕೆಯು ಗೀರುವ ಕೆಲಸವೇ ಅಲ್ಲ, ಅಣುಗಳ ಪ್ರಮಾಣದಲ್ಲಿ ಸವೆಸುವ ಕೆಲಸ ಎಂದು ವಾದಿಸಿದನು. ವಾದ ಏನೇ ಇರಲಿ, ನಮಗೆ ಬೇಕಾದ ತಾತ್ಪರ್ಯ ಒಂದು. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದವು ೦.೪ರಿಂದ ೦.೭ ಮೈಕ್ರಾನ್, ಮೇಲ್ಮೈಯ ಉಬ್ಬುತಗ್ಗುಗಳು ಇದಕ್ಕಿಂತ ಬಹಳ ಕಿರಿದಾದರೆ ಬೆಳಕು ಚದರದೆ ಕನ್ನಡಿಯಲ್ಲಿಯಂತೆ ಮರಳುತ್ತದೆ. ಆ ಸ್ಥಿತಿಗೆ ತರಬೇಕಾದರೆ ಗೀರಿನ ತಳದವರೆಗೆ ಸುತ್ತಲಿನ ಪದರವನ್ನೆಲ್ಲ ಸವೆಸಬೇಕಷ್ಟೆ. ಒರಟು ಪೇಸ್ಟನ್ನು ಹಾಕಿ ಯಂತ್ರದಿಂದ ಉಜ್ಜಿಸಿದರೆ ಒಂದೇ ಸಲಕ್ಕೆ ಕೆಲವು ಮೈಕ್ರಾನ್ ಹೋಗುತ್ತದೆ. ೪೦ರಲ್ಲಿ ಇಂತಹ ಕಳೆತವನ್ನು ಎಷ್ಟು ಸಲ ಮಾಡಬಹುದೆಂಬುದು ಪ್ರಾಥಮಿಕ ಶಾಲೆಯ ಲೆಕ್ಕ. ಚನ್ನಪಟ್ಟಣದ ಬೊಂಬೆಯ ಕೆಲಸದವನು ಚರಕಿಯ ಮೇಲೆ ತಿರುಗುವ ಮರಕ್ಕೆ ಅರಗನ್ನು ಒತ್ತಿ, ಉಜ್ಜಾಟದ ಬಿಸಿಯಿಂದಲೇ ಅದನ್ನು ಕರಗಿಸಿ, ಒಣಗರಿಯಿಂದ ತೀಡಿ ಹೊಳಪು ತರುತ್ತಾನೆ. ಅರಗು ಕರಗಿ ಹರಡುತ್ತದೆಯಾದ್ದರಿಂದ ಅಲ್ಲಿ ನಷ್ಟ ಕಡಿಮೆ. ಕಾರಿನ ಬಣ್ಣವು ಒಲೆಯಲ್ಲಿ ಬೆಂದು ಗಟ್ಟಿಯಾದ ಜಾಲ. ಅದು ಕರಗಿ ಹರಿಯುವುದಿಲ್ಲ, ಸವೆಯುತ್ತದೆ.

ಹಾಗಾದರೆ ಮೇಣವು ಹೊಳಪನ್ನು ಕೊಡುವುದು ಹೇಗೆ? ಇಲ್ಲಿ ಒಂದು ಸ್ವಾರಸ್ಯವಿದೆ. ಪಾರದರ್ಶಕ ಪದರದ ವಕ್ರೀಭವನಾಂಕ ಸುಮಾರು ೧.೫. ನೇರವಾಗಿ ಬಿದ್ದ ಬೆಳಕಿನಲ್ಲಿ ಅದು ಪ್ರತಿಫಲಿಸುವ ಪಾಲನ್ನು ಲೆಕ್ಕ ಹಾಕಿದರೆ ನೂರಕ್ಕೆ ೪ ಬರುತ್ತದೆ. ಮೇಣದ ವಕ್ರೀಭವನಾಂಕ ಅದಕ್ಕಿಂತ ತುಸು ಕಡಿಮೆ. ಆದುದರಿಂದ ಅದು ಪ್ರತಿಫಲಿಸುವ ಬೆಳಕೂ ತುಸು ಕಡಿಮೆಯೇ. ಎಂದರೆ, ನುಣುಪಾಗಿರುವ ಹೊಸ ಬಣ್ಣಕ್ಕೆ ಯಾವ ಮೇಣವೂ ಹೊಳಪನ್ನು ಸೇರಿಸಲಾರದು. ಅದು ಮಾಡುವುದು ಇಷ್ಟೆ: ಸಣ್ಣ ಗೀರುಗಳನ್ನು ತುಂಬಿ, ಅಲ್ಲಿ ಚದರುತ್ತಿದ್ದ ಬಿಳಿಯ ಬೆಳಕನ್ನು ಅಡಗಿಸುತ್ತದೆ. ಕರಿಯ ಕಲ್ಲಿನ ವಿಗ್ರಹಕ್ಕೆ ಎಣ್ಣೆಯನ್ನು ಸವರಿದಾಗ ಅದು ಇನ್ನೂ ಕಪ್ಪಾಗಿ ಕಾಣುವುದಿಲ್ಲವೆ? ಕಾರಣ ಅದೇ. ಕಪ್ಪು ಕಾರಿನಲ್ಲಿ ಈ ಬದಲಾವಣೆ ಎದ್ದು ಕಾಣುವುದೂ ಬಿಳಿಯ ಕಾರಿನಲ್ಲಿ ಕಾಣದಿರುವುದೂ ಇದರಿಂದಲೇ. ಅಂಗಡಿಯಿಂದ ಬಂದ ದಿನ ಮಿಂಚುತ್ತಿದ್ದ ಕಾರು ಎರಡು ಸಲ ತೊಳೆದ ಕೂಡಲೇ ಹಳೆಯ ಗೀರುಗಳನ್ನೆಲ್ಲ ತೋರಿಸಿದರೆ, ಅಲ್ಲಿ ಗೀರನ್ನು ತೆಗೆದಿರಲಿಲ್ಲ, ಎಣ್ಣೆ ಸವರಿ ಮುಚ್ಚಿದ್ದರು ಎಂದು ತಿಳಿಯಬೇಕು. ತೆಂಗಿನೆಣ್ಣೆಯನ್ನೋ ಸೀಮೆಎಣ್ಣೆಯನ್ನೋ ಒರೆಸಿ ಹೊಳೆಯಿಸುವವರೂ ಇದನ್ನೇ ಅಗ್ಗವಾಗಿ ಮಾಡುತ್ತಾರೆ. ಸಂಜೆಯೊಳಗೆ ಊರಿನ ಧೂಳೆಲ್ಲ ಅದಕ್ಕೆ ಅಂಟಿಕೊಂಡಿರುತ್ತದೆ.

ಬಾಳಿಕೆಯ ವಿಷಯಕ್ಕೆ ಬರೋಣ. ಮೇಣಗಳಲ್ಲಿ ಹೆಸರಾದದ್ದು ಕಾರ್ನೋಬ. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಬಗೆಯ ತಾಳೆಯು ಬಿಸಿಲಿನಲ್ಲಿ ನೀರು ಆರಿಹೋಗದಂತೆ ತನ್ನ ಗರಿಗಳಿಗೆ ತಾನೇ ಬಳಿದುಕೊಳ್ಳುವ ಮೇಣವಿದು. ಜೇನುಮೇಣವು ೬೨–೬೪ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿದರೆ ಇದು ೮೨–೮೬ ಡಿಗ್ರಿಯವರೆಗೆ ತಡೆಯುತ್ತದೆ. ಬೇಸಿಗೆಯ ನಡುಹಗಲಿನಲ್ಲಿ ಕಪ್ಪು ಕಾರಿನ ಮೈ ೭೦ ಡಿಗ್ರಿಯ ಸಮೀಪಕ್ಕೆ ಏರುವುದುಂಟಾದ್ದರಿಂದ ಈ ವ್ಯತ್ಯಾಸ ಹಗುರವಾದುದಲ್ಲ. ಆದರೆ ಡಬ್ಬಿಯಲ್ಲಿ ಇರುವುದು ಶುದ್ಧ ಕಾರ್ನೋಬವಲ್ಲ. ಅದು ಕಲ್ಲಿನಂತೆ ಗಡುಸಾದುದರಿಂದ ಎಣ್ಣೆಗಳನ್ನೂ ಮೆದು ಮೇಣಗಳನ್ನೂ ಬೆರೆಸಿಯೇ ಹಚ್ಚಲು ಸಾಧ್ಯ. ಮೇಣಕ್ಕೂ ಬಣ್ಣಕ್ಕೂ ರಾಸಾಯನಿಕ ಬಂಧವಿಲ್ಲ, ಬರಿಯ ಅಂಟು. ಬಿಸಿಲಿನಲ್ಲಿ ನಿಲ್ಲುವ ಕಾರಿನ ಮೇಲೆ ಕೆಲವು ವಾರ ಉಳಿದರೆ ಅದೇ ಹೆಚ್ಚು.

ಕೃತಕ ರಕ್ಷಾಲೇಪಗಳಲ್ಲಿ ಸಿಲಿಕೋನ್ ಜಾತಿಯ ಪಾಲಿಮರುಗಳಿರುತ್ತವೆ. ಇವುಗಳಲ್ಲಿ ಅಮೈನೊ ಗುಂಪುಗಳನ್ನು ಜೋಡಿಸಿದ ಬಗೆಯವು ಬಣ್ಣದ ಮೇಲ್ಮೈಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಸೋಪಿಗೂ ಬಿಸಿಲಿಗೂ ಮೇಣಕ್ಕಿಂತ ಹೆಚ್ಚು ದಿನ ತಡೆಯುತ್ತವೆ. ಇವುಗಳದೊಂದು ದೋಷವನ್ನೂ ಹೇಳಬೇಕು: ಮುಂದೆ ಬಣ್ಣ ಹೊಡೆಸುವಾಗ ಸಿಲಿಕೋನಿನ ಲವಲೇಶ ಉಳಿದಿದ್ದರೂ ಹೊಸ ಬಣ್ಣವು ಮೀನಿನ ಕಣ್ಣಿನಂತೆ ಕುಳಿಕುಳಿಯಾಗಿ ಸರಿದು ನಿಲ್ಲುತ್ತದೆ. ಟೆಫ್ಲಾನ್ ಬೆರೆಸಿದೆ ಎಂದು ಹೇಳಿ ಮಾರುವ ಮೆರುಗುಗಳಿಗೆ ನಾನು ಹಣ ಕೊಡಲಾರೆ. ಆ ಪದಾರ್ಥವು ಕರಗಿ ಒಂದಾಗಬೇಕಾದರೆ ೩೨೭ ಡಿಗ್ರಿ ಶಾಖ ಬೇಕು. ಕೈಯಿಂದ ತಣ್ಣಗೆ ಒರೆಸಿದ ಪೇಸ್ಟಿನಲ್ಲಿ ಅದು ಪುಡಿಯಾಗಿಯೇ ಉಳಿಯುತ್ತದೆ.

ಇನ್ನು ಸೆರಾಮಿಕ್ ಲೇಪ. ಗಾಳಿಯ ತೇವದೊಡನೆ ವರ್ತಿಸಿ ಸಿಲಿಕದಂತಹ ಜಾಲವನ್ನು ಕಟ್ಟುವ ದ್ರವಗಳಿವು. ಬಾಳಿಕೆಯಲ್ಲಿ ಉಳಿದೆಲ್ಲವನ್ನೂ ಮೀರಿಸುತ್ತವೆಂಬುದು ನಿಜ. ವರ್ಷಗಳ ಲೆಕ್ಕದಲ್ಲಿ ಮಾತಾಡಬಹುದಾದ ಲೇಪ ಇದೊಂದೇ. ಆದರೆ ಇದರ ದಪ್ಪವು ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ ಮಾತ್ರ. ಅದನ್ನು ಹಾಕುವ ಮೊದಲು ಕಾರನ್ನು ಯಂತ್ರದಿಂದ ಪಾಲಿಷ್ ಮಾಡುತ್ತಾರೆ, ಹಳತಾದ ಮೇಲೆ ತೆಗೆಯುವುದಕ್ಕೂ ಪಾಲಿಷ್ ಮಾಡಬೇಕು. ಎರಡು ಮೈಕ್ರಾನನ್ನು ಇಡಲು ಅದಕ್ಕಿಂತ ಹೆಚ್ಚನ್ನು ಕಳೆಯುವ ಸಂಭವವುಂಟೆಂಬುದನ್ನು ಮಾರುವವರು ಬಾಯಿಬಿಟ್ಟು ಹೇಳುವುದಿಲ್ಲ.

ಅವರು ಬಾಯಿಬಿಟ್ಟು ಹೇಳುವುದು '೯ಎಚ್ ಗಡಸುತನ' ಎಂಬ ಮಾತನ್ನು. ಇದನ್ನು ಕೇಳಿದವರಿಗೆ ವಜ್ರಕ್ಕೆ ಹತ್ತು, ಕುರಂದಕ್ಕೆ ಒಂಬತ್ತು ಎಂದು ಅಂಕ ಕೊಡುವ ಮೋಸ್ ಮಾನಕದ ನೆನಪಾಗುವುದು ಸಹಜ. ಈ ೯ಎಚ್‌ಗೂ ಮೋಸ್ ಮಾನಕಕ್ಕೂ ಸಂಬಂಧವಿಲ್ಲ. ಇದು ಪೆನ್ಸಿಲಿನ ಗಡಸುತನ! ಬೇರೆ ಬೇರೆ ಗಡಸಿನ ಪೆನ್ಸಿಲುಗಳನ್ನು ೪೫ ಡಿಗ್ರಿಯ ಓರೆಯಲ್ಲಿ ಗೊತ್ತಾದ ಭಾರದಿಂದ ಒತ್ತಿ ತಳ್ಳಿ, ಯಾವ ಪೆನ್ಸಿಲಿನಿಂದ ಲೇಪಕ್ಕೆ ಗೀರು ಬೀಳುವುದೆಂದು ನೋಡುವ ಪರೀಕ್ಷೆ. ಪೆನ್ಸಿಲಿನ ಕಡ್ಡಿ ಎಷ್ಟು ಗಡುಸಾದರೂ ಗ್ರಾಫೈಟು ಮತ್ತು ಜೇಡಿಮಣ್ಣಿನ ಮಿಶ್ರಣವೇ ತಾನೆ? ನಮ್ಮ ರಸ್ತೆಯ ಧೂಳಿನಲ್ಲಿರುವುದು ಬೆಣಚುಕಲ್ಲಿನ ಕಣ; ಮೋಸ್ ಮಾನಕದಲ್ಲಿ ಅದರ ಅಂಕ ೭. ಪೆನ್ಸಿಲಿಗೆ ಸೋಲದ ಲೇಪವು ಬೆಣಚುಕಲ್ಲಿಗೂ ಸೋಲುವುದಿಲ್ಲವೆಂದು ಅದರಿಂದ ಸಿದ್ಧವಾಗುವುದಿಲ್ಲ. ಅಂಕವು ಸುಳ್ಳಲ್ಲ, ಅದನ್ನು ಬಳಸುವ ರೀತಿ ಸುಳ್ಳು. ನನಗೆ ಇದು ಹೆಚ್ಚು ಅಸಮಾಧಾನದ ಸಂಗತಿ, ಏಕೆಂದರೆ ವಿಜ್ಞಾನದ ಭಾಷೆಯನ್ನೇ ಇಲ್ಲಿ ಮರೆಗಾಗಿ ಉಪಯೋಗಿಸಿದ್ದಾರೆ.

ಮುತ್ತಿನಂತೆ ಉರುಳುವ ನೀರನ್ನು ತೋರಿಸುವುದು ಇನ್ನೊಂದು ಆಕರ್ಷಣೆ. ಹನಿಯು ಮೇಲ್ಮೈಯೊಡನೆ ಮಾಡುವ ಸ್ಪರ್ಶಕೋನವನ್ನು ಥಾಮಸ್ ಯಂಗ್ ೧೮೦೫ರಲ್ಲಿಯೇ ವಿವರಿಸಿದನು. ಕೋನವು ೯೦ ಡಿಗ್ರಿಯನ್ನು ಮೀರಿದರೆ ಹನಿ ಹರಡದೆ ದುಂಡಗೆ ನಿಲ್ಲುತ್ತದೆ. ಕೆಸುವಿನ ಎಲೆಯಲ್ಲಿ ಮೇಣದ ಜೊತೆಗೆ ಅತಿಸೂಕ್ಷ್ಮವಾದ ಉಬ್ಬುಗಳೂ ಇರುವುದರಿಂದ ಹನಿ ಉರುಳಿ ಹೋಗುತ್ತದೆ; ನುಣುಪಾದ ಕಾರಿನ ಮೇಲೆ ಅದು ಕುಳಿತೇ ಬಿಡುವುದು ಹೆಚ್ಚು. ಕುಳಿತ ಹನಿ ಮಸೂರದಂತೆ ಬಿಸಿಲನ್ನು ಕೂಡಿಸಿ ಬಣ್ಣವನ್ನು ಸುಡುತ್ತದೆ ಎಂಬ ಮಾತನ್ನು ನಂಬಬೇಕಾಗಿಲ್ಲ, ಅಂತಹ ಹನಿಯ ನಾಭಿಯು ಮೇಲ್ಮೈಗಿಂತ ಬಹಳ ಕೆಳಗೆ ಬೀಳುತ್ತದೆ. ನಿಜವಾದ ಕೇಡು ಬೇರೆ. ಕೊಳವೆಬಾವಿಯ ಗಡಸು ನೀರಿನ ಹನಿ ಆರಿದಾಗ ಅದರಲ್ಲಿದ್ದ ಸುಣ್ಣವೆಲ್ಲ ಒಂದೇ ಚುಕ್ಕೆಯಲ್ಲಿ ಉಳಿಯುತ್ತದೆ, ಆ ಬಿಳಿ ಕಲೆಯನ್ನು ತೆಗೆಯಲು ಮತ್ತೆ ಉಜ್ಜಬೇಕು. ಬೆಂಗಳೂರಿನ ಅರ್ಧ ಊರು ಕೊಳವೆಬಾವಿಯನ್ನೇ ನಂಬಿರುವಾಗ, ಹನಿಗಟ್ಟುವ ಲೇಪವನ್ನು ಹಾಕಿಸಿ ಒರೆಸದೆ ಬಿಡುವವನಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚಾದೀತು.

ಇಷ್ಟಾಗಿಯೂ ಬಣ್ಣಕ್ಕೆ ಬೀಳುವ ಗೀರುಗಳಲ್ಲಿ ಬಹುಪಾಲು ಮಳೆಯಿಂದಲೂ ಅಲ್ಲ, ಬಿಸಿಲಿನಿಂದಲೂ ಅಲ್ಲ, ನಮ್ಮ ಒರೆಸುವ ಬಟ್ಟೆಯಿಂದ. ಮುಂಜಾನೆ ಒಂದೇ ಬಕೆಟ್ಟಿನ ನೀರಿನಲ್ಲಿ ಹತ್ತು ಕಾರುಗಳನ್ನು ಒರೆಸಬೇಕಾದ ಕೆಲಸಗಾರನನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ದಿನವೂ ಒರೆಸಲೇಬೇಕೆಂದು ಕೇಳುವವರು ನಾವು. ಮೊದಲು ನೀರು ಸುರಿದು ಮರಳನ್ನು ಇಳಿಸದೆ ಒಣಬಟ್ಟೆಯನ್ನು ಎಳೆದರೆ, ಬಟ್ಟೆಯೇ ಉಪ್ಪುಕಾಗದವಾಗುತ್ತದೆ. ವಾರಕ್ಕೊಮ್ಮೆ ಸರಿಯಾಗಿ ತೊಳೆದು ಉಳಿದ ದಿನ ಧೂಳನ್ನು ಸಹಿಸಿಕೊಳ್ಳುವುದೇ ಮೇಲು. ಕೊಳೆಯು ಬೇಗ ಬಿಡುವ ಲೇಪದಿಂದ ನೀರೂ ಉಳಿಯುತ್ತದೆ. ೨೦೨೪ರ ಮಾರ್ಚಿಯಲ್ಲಿ ಬೆಂಗಳೂರು ಜಲಮಂಡಲಿಯು ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ ೫,೦೦೦ ರೂಪಾಯಿ ದಂಡವನ್ನು ಗೊತ್ತುಮಾಡಿದುದನ್ನು ನೆನೆದರೆ ಇದು ಅಲ್ಪ ಗುಣವಲ್ಲ. ತುಕ್ಕಿನ ಭಯದಿಂದ ಮೆರುಗು ಹಾಕಿಸುವ ಕರಾವಳಿಯವರಿಗೆ ಒಂದು ಮಾತು: ಉಪ್ಪುಗಾಳಿಯ ತುಕ್ಕು ಹಿಡಿಯುವುದು ಕೆಳಗಿನ ಬೆಸುಗೆಗಳಲ್ಲಿ, ಬಾಗಿಲುಗಳ ಮಡಿಕೆಗಳಲ್ಲಿ. ಬಾನೆಟ್ಟಿನ ಮೇಲೆ ಸೆರಾಮಿಕ್ ಹಾಕಿಸಿ ಅಡಿಭಾಗವನ್ನು ತೊಳೆಯದಿರುವುದು, ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆ.

ನನ್ನ ಆಯ್ಕೆಯನ್ನು ಕೇಳಿದರೆ, ಬೀದಿಯಲ್ಲಿ ನಿಲ್ಲುವ ಸಾಮಾನ್ಯ ಕಾರಿಗೆ ಪುಡಿಯಿಲ್ಲದ ಕೃತಕ ರಕ್ಷಾಲೇಪವನ್ನು ಮಳೆಗಾಲಕ್ಕೆ ಮುನ್ನ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ, ಬೇಸಿಗೆಯ ಮೊದಲಲ್ಲಿ ಒಮ್ಮೆ ಕೈಯಿಂದಲೇ ಹಚ್ಚಿದರೆ ಸಾಕು ಎನ್ನುತ್ತೇನೆ. ಹಚ್ಚುವ ಸುಖಕ್ಕಾಗಿ ಹಚ್ಚುವವರು ಕಾರ್ನೋಬವನ್ನು ಆರಿಸಿಕೊಳ್ಳಲಿ. ಹೊಸ ಕಾರು, ನೆರಳು, ಮೆದು ನೀರು, ತೊಳೆಯುವ ತಾಳ್ಮೆ ನಾಲ್ಕೂ ಇದ್ದವರಿಗೆ ಸೆರಾಮಿಕ್ ತಕ್ಕದ್ದು. ಪಾಲಿಷನ್ನು ಮಾತ್ರ ಗೀರು ಕಣ್ಣಿಗೆ ಚುಚ್ಚುವಂತಿದ್ದರೆ, ಆ ಜಾಗಕ್ಕಷ್ಟೆ.

ನನ್ನ ಮಾತನ್ನೂ ಪರೀಕ್ಷೆಯಿಲ್ಲದೆ ಒಪ್ಪಬೇಕಾಗಿಲ್ಲ. ಮನೆಯವರ ಅಪ್ಪಣೆ ಪಡೆದು ಬಾನೆಟ್ಟನ್ನು ಚೆನ್ನಾಗಿ ತೊಳೆದು, ಕಾಗದದ ಅಂಟುಪಟ್ಟಿಯಿಂದ ಮೂರು ಭಾಗ ಮಾಡಿ, ಒಂದಕ್ಕೆ ಮೇಣ, ಒಂದಕ್ಕೆ ರಕ್ಷಾಲೇಪ ಹಚ್ಚಿ, ಒಂದನ್ನು ಹಾಗೆಯೇ ಬಿಡಿ. ಪ್ರತಿ ವಾರ ಸೋಪಿನಿಂದ ತೊಳೆದ ತರುವಾಯ ಒಂದೇ ಅಳತೆಯ ನೀರನ್ನು ಚಿಮುಕಿಸಿ, ಒಂದೇ ದೂರದಿಂದ ಛಾಯಾಚಿತ್ರ ತೆಗೆದಿಡಿ. ತೊಳೆಯದೆ ನೋಡಿದರೆ ಫಲ ತಪ್ಪುತ್ತದೆ, ಏಕೆಂದರೆ ಧೂಳಿನ ಪದರವು ಒಳ್ಳೆಯ ಲೇಪದ ಮೇಲೂ ನೀರನ್ನು ಹರಡಿಸುತ್ತದೆ. ಅಂಟುಪಟ್ಟಿಯನ್ನು ಲೇಪ ಹಚ್ಚಿದ ದಿನವೇ ತೆಗೆದುಬಿಡಬೇಕು; ಬಿಸಿಲಿನಲ್ಲಿ ಬಿಟ್ಟರೆ ಅದರ ಗೋಂದು ಬಣ್ಣವನ್ನು ಕಚ್ಚಿಕೊಳ್ಳುತ್ತದೆ.